‘ಅತ್ಯಾಚಾರ ಸಂಸ್ಕೃತಿ’: ಒಂದು ಪದದ ವಿಚಾರ

ಕೆಲವು ವರ್ಷಗಳಿಂದ ಒಂದು ಹೊಸ ನುಡಿಗಟ್ಟು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಕೇಳಿಬರುತ್ತಿದೆ. ‘ಅತ್ಯಾಚಾರ ಸಂಸ್ಕೃತಿ’ ಎಂಬುದೇ ಅದು. ಮನೆಮಂದಿಯೆಲ್ಲ ಕುಳಿತು ಕೇಳುವ ರೇಡಿಯೋವಿನ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ತಾವು ಹುಬ್ಬೇರಿಸಬಹುದು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿಯೇ ಇದರ ವಿಚಾರ ನಡೆಯಬೇಕೆಂಬುದು ನನ್ನ ಎಣಿಕೆ. ಇದಕ್ಕೆ ಸಂಬಂಧಪಟ್ಟ ಮಾತುಗಳಲ್ಲಿ ಹೆಚ್ಚಿನವು ಕೋರ್ಟಿನಲ್ಲಿ ಹುಟ್ಟಿದವಲ್ಲ, ನಮ್ಮ ನಿಮ್ಮ ಮನೆಯ ನಡುಮನೆಯಲ್ಲಿ ಹುಟ್ಟಿದವು.

ಕನ್ನಡ ಬಲ್ಲ ಕಿವಿಗೆ ಈ ಸಮಾಸ ಕೇಳಿದ ಕೂಡಲೆ ಒಗ್ಗುವುದಿಲ್ಲ. ‘ಸಂಸ್ಕೃತಿ’ ಎಂದರೆ ಚೆನ್ನಾಗಿ ಮಾಡಿದ್ದು, ತಿದ್ದಿ ತೀಡಿದ್ದು ಎಂದು ನಾವು ತಿಳಿದಿದ್ದೇವೆ. ಅತ್ಯಾಚಾರಕ್ಕೂ ಅದಕ್ಕೂ ಎಲ್ಲಿಯ ನಂಟು? ‘ವಿಕೃತಿ’ ಎಂದಿದ್ದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ಆದರೆ ಇಂಗ್ಲಿಷಿನ ‘ಕಲ್ಚರ್’ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು ನಾವು ಹೇಳುವ ಪರಿಷ್ಕಾರ. ಇನ್ನೊಂದು ಮಾನವಶಾಸ್ತ್ರದವರು ಬಳಸುವ ಅರ್ಥ: ಒಂದು ಜನದ ನಡೆನುಡಿ, ಕಟ್ಟಳೆ, ನಂಬಿಕೆ, ರೂಢಿಗಳ ಒಟ್ಟು ಮೊತ್ತ. ಈ ಎರಡನೆಯ ಅರ್ಥದಲ್ಲಿ ಒಳ್ಳೆಯದೂ ಸೇರುತ್ತದೆ, ಕೆಟ್ಟದ್ದೂ ಸೇರುತ್ತದೆ. ಎರಡಕ್ಕೂ ನಾವು ಒಂದೇ ಶಬ್ದವನ್ನು ಇಟ್ಟುಕೊಂಡೆವು. ಇಂದು ನಡೆಯುತ್ತಿರುವ ಜಗಳದಲ್ಲಿ ಅರ್ಧ ಭಾಗ ಈ ಭಾಷಾಂತರದಿಂದ ಹುಟ್ಟಿದ್ದು. ‘ಅತ್ಯಾಚಾರವನ್ನು ಸಹಿಸುವ ರೂಢಿ’ ಎಂದಿದ್ದರೆ ಸಿಟ್ಟು ಬರುವವರ ಸಂಖ್ಯೆ ಕಡಮೆಯಾಗುತ್ತಿತ್ತು.

ಪದ ಹುಟ್ಟಿದ್ದು ಅಮೆರಿಕೆಯಲ್ಲಿ. 1974ರಲ್ಲಿ ನ್ಯೂಯಾರ್ಕಿನ ಸ್ತ್ರೀವಾದಿಗಳ ಒಂದು ಗುಂಪು ಈ ವಿಷಯವಾಗಿ ಒಂದು ಆಕರಗ್ರಂಥವನ್ನು ಹೊರತಂದಿತು. 1975ರಲ್ಲಿ ಮಾರ್ಗರೆಟ್ ಲಜಾರಸ್ ಮತ್ತು ರೆನ್ನರ್ ವುಂಡರ್ಲಿಕ್ ಎಂಬವರು ‘ರೇಪ್ ಕಲ್ಚರ್’ ಎಂಬ ಹೆಸರಿನಲ್ಲಿಯೇ ಒಂದು ಸಾಕ್ಷ್ಯಚಿತ್ರವನ್ನು ತೆಗೆದರು. ಸಿನಿಮಾ, ಜಾಹೀರಾತು, ಹಾಸ್ಯ, ಕಾಯಿದೆ ಎಲ್ಲವೂ ಕೂಡಿ ಈ ಅಪರಾಧವನ್ನು ಸಾಮಾನ್ಯವೆಂಬಂತೆ ಮಾಡುತ್ತಿವೆ ಎಂಬುದು ಅವರ ವಾದ.

ಇದಕ್ಕೆ ಆಕ್ಷೇಪಗಳೂ ಬಂದಿವೆ, ಅವು ಹಗುರವಾದವುಗಳಲ್ಲ. ಅತ್ಯಾಚಾರಕ್ಕೆ ಗುರಿಯಾದವರ ನೆರವಿಗೆಂದೇ ಇರುವ ಅಮೆರಿಕೆಯ ದೊಡ್ಡ ಸಂಸ್ಥೆ ‘ರೇನ್’ 2014ರಲ್ಲಿ ತನ್ನ ಸರಕಾರಕ್ಕೆ ಒಂದು ಪತ್ರ ಬರೆಯಿತು. ಅಪರಾಧ ಮಾಡುವವರು ಸಮಾಜದಲ್ಲಿ ಒಂದು ಸಣ್ಣ ಭಾಗ, ಅವರು ತಿಳಿದು ತಿಳಿದೇ ಮಾಡುತ್ತಾರೆ. ಸಂಸ್ಕೃತಿಯ ಮೇಲೆ ಹೊಣೆ ಹೊರಿಸಿದರೆ ಆ ಮನುಷ್ಯನ ಹೊಣೆ ಇಳಿದುಹೋಗುತ್ತದೆ ಎಂದು ಅದರ ಅಭಿಪ್ರಾಯ. ನಮ್ಮ ದೇಶದವರಿಗೆ ಇನ್ನೊಂದು ಹಳೆಯ ಗಾಯವಿದೆ. 1927ರಲ್ಲಿ ಕ್ಯಾಥರೀನ್ ಮೇಯೊ ಎಂಬ ಅಮೆರಿಕದ ಲೇಖಕಿ ‘ಮದರ್ ಇಂಡಿಯಾ’ ಎಂಬ ಪುಸ್ತಕ ಬರೆದು, ಇಲ್ಲಿಯ ಹೆಣ್ಣುಮಕ್ಕಳ ಸಂಕಟವನ್ನೇ ಹಿಡಿದು, ಈ ಜನ ಸ್ವರಾಜ್ಯಕ್ಕೆ ಯೋಗ್ಯರಲ್ಲವೆಂದು ಸಾಧಿಸಹೊರಟಳು. ಅದು ಚರಂಡಿ ತಪಾಸಣೆಯವನ ವರದಿ ಎಂದು ಗಾಂಧೀಜಿ ಹೇಳಿದ್ದು ಪ್ರಸಿದ್ಧವಾಗಿದೆ. ಆದ್ದರಿಂದ ಹೊರಗಿನವರು ‘ನಿಮ್ಮ ಸಂಸ್ಕೃತಿ’ ಎಂದು ಬೆರಳು ತೋರಿಸಿದಾಗ ನಮ್ಮವರು ಬೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಇಂಥದೊಂದು ಇದೆಯೋ ಇಲ್ಲವೋ? ಇದಕ್ಕೆ ಉತ್ತರವನ್ನು ಸಿನಿಮಾದಲ್ಲಿಯಾಗಲಿ ಜಾಹೀರಾತಿನಲ್ಲಿಯಾಗಲಿ ಹುಡುಕುವುದಕ್ಕೆ ಹೋಗದೆ, ಬರವಣಿಗೆಯಲ್ಲಿ ಉಳಿದಿರುವ ಎರಡು ಕಡೆ ಹುಡುಕೋಣ. ಒಂದು ಭಾಷೆ, ಇನ್ನೊಂದು ಕಾಯಿದೆ.

ಮೊದಲು ಭಾಷೆ. ‘ಬಲಾತ್ಕಾರ’ ಎಂಬ ಶಬ್ದವನ್ನು ಬಿಡಿಸಿ ನೋಡಿ. ‘ಬಲಾತ್’ ಎಂದರೆ ಬಲದಿಂದ. ‘ಕಾರ’ ಎಂದರೆ ಮಾಡುವುದು. ಅಷ್ಟೇ. ಸಾಲ ಕೊಟ್ಟವನು ಸಾಲಗಾರನನ್ನು ಕಟ್ಟಿ ತನ್ನ ಮನೆಗೆ ಎಳೆದು ತಂದು ಹೊಡೆದು ಬಡಿದು ವಸೂಲು ಮಾಡುವುದಕ್ಕೆ ಸ್ಮೃತಿಕಾರ ಬೃಹಸ್ಪತಿ ಇದೇ ಹೆಸರನ್ನಿಟ್ಟಿದ್ದಾನೆ. ಈ ಶಬ್ದದೊಳಗೆ ಮಾಡಿದವನ ಕೆಲಸ ಮಾತ್ರ ಇದೆ. ಪೆಟ್ಟು ತಿಂದವರ ಯೋಗ್ಯತೆಯ ಸೊಲ್ಲೇ ಇಲ್ಲ. ‘ಅತ್ಯಾಚಾರ’ವೂ ಹಾಗೆಯೇ, ಆಚಾರದ ಮೇರೆ ಮೀರಿದ್ದು ಎಂದರ್ಥ, ಮೀರಿದವನು ಅವನು.

ಈಗ ನಮ್ಮ ಬಳಕೆಯ ಇತರ ಮಾತುಗಳನ್ನು ನೋಡಿ. ‘ಮಾನಭಂಗ’, ‘ಶೀಲಹರಣ’. ಭಂಗವಾದದ್ದು ಯಾರ ಮಾನ? ಅವಳದು. ಹೋದದ್ದು ಯಾರ ಶೀಲ? ಅವಳದು. ಹಳ್ಳಿಯ ಮಾತಿನಲ್ಲಿ ‘ಹುಡುಗಿಯನ್ನು ಕೆಡಿಸಿದ’ ಎನ್ನುತ್ತಾರೆ. ಹಾಲು ಕೆಟ್ಟಿತು, ಸಾರು ಕೆಟ್ಟಿತು ಎನ್ನುವ ಅದೇ ‘ಕೆಡು’ ಧಾತು. ಕೆಟ್ಟ ಹಾಲನ್ನು ಏನು ಮಾಡುತ್ತೇವೆಂಬುದು ಮನೆವಾರ್ತೆ ಬಲ್ಲ ತಮಗೆ ಗೊತ್ತೇ ಇದೆ. ಒಂದು ಮನೆಗೆ ಕನ್ನ ಬಿದ್ದರೆ ಮಾನ ಹೋದದ್ದು ಕಳ್ಳನದು. ಮನೆಯವನ ಮೇಲೆ ಊರಿಗೆಲ್ಲ ಕನಿಕರ. ಈ ಒಂದು ಅಪರಾಧದಲ್ಲಿ ಮಾತ್ರ ಮಾಡಿದವನ ಮಾನ ಅವನ ಹತ್ತಿರವೇ ಉಳಿದು, ಮಾಡಿಸಿಕೊಂಡವಳ ಮಾನ ಹೋಗುತ್ತದೆ. ವ್ಯಾಕರಣ ಕಲಿಸುವವನ ದೃಷ್ಟಿಯಲ್ಲಿ ಇದು ಕರ್ತೃವನ್ನು ಬಿಟ್ಟು ಕರ್ಮಕ್ಕೆ ಶಿಕ್ಷೆ ಕೊಡುವ ವಾಕ್ಯ.

ಇನ್ನು ಕಾಯಿದೆ. ನಮ್ಮ ಪ್ರಾಚೀನರನ್ನು ಈ ವಿಷಯದಲ್ಲಿ ಪೂರ್ತಿ ಹೊಗಳುವುದಕ್ಕೂ ಆಗುವುದಿಲ್ಲ, ಪೂರ್ತಿ ತೆಗಳುವುದಕ್ಕೂ ಆಗುವುದಿಲ್ಲ. ರೂಪಾಜೀವೆಯನ್ನು, ಎಂದರೆ ದೇಹವನ್ನು ಮಾರಿ ಬದುಕುವವಳನ್ನು, ಬಲದಿಂದ ಭೋಗಿಸಿದವನಿಗೆ ಕೌಟಿಲ್ಯನ ಅರ್ಥಶಾಸ್ತ್ರ 12 ಪಣ ದಂಡ ಹಾಕುತ್ತದೆ. ಯಾಜ್ಞವಲ್ಕ್ಯಸ್ಮೃತಿ ದಾಸಿಯ ವಿಷಯದಲ್ಲಿ 10 ಪಣ, ಒಪ್ಪಿಗೆಯಿಲ್ಲದ ಅವಳ ಮೇಲೆ ಹಲವರು ಬಿದ್ದರೆ ಒಬ್ಬೊಬ್ಬನಿಗೂ 24 ಪಣ ಎಂದು ವಿಧಿಸುತ್ತದೆ. ಇದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಸೂಳೆಗೂ ದಾಸಿಗೂ ‘ಒಲ್ಲೆ’ ಎನ್ನುವ ಅಧಿಕಾರವುಂಟೆಂದು ಈ ಶಾಸ್ತ್ರಗಳು ಒಪ್ಪಿಕೊಂಡವು. ಇದು ಸಣ್ಣ ಮಾತಲ್ಲ. ಆದರೆ ಅದೇ ಯಾಜ್ಞವಲ್ಕ್ಯನಲ್ಲಿ ಸಮಾನಜಾತಿಯ ಪರಸ್ತ್ರೀಯ ವಿಷಯಕ್ಕೆ ಉತ್ತಮಸಾಹಸ ದಂಡ. ಅವನ ಲೆಕ್ಕದಂತೆ 1080 ಪಣ. ಒಂದು ಕಡೆ 10, ಇನ್ನೊಂದು ಕಡೆ 1080. ತಕ್ಕಡಿಯಲ್ಲಿ ತೂಗಿದ್ದು ಅಪರಾಧವನ್ನಲ್ಲ, ಹೆಣ್ಣಿನ ದರ್ಜೆಯನ್ನು. ಮಲಗಿದವಳನ್ನೋ ಮತ್ತಿನಲ್ಲಿರುವವಳನ್ನೋ ಕೂಡುವುದನ್ನು ಮನು ಪೈಶಾಚವೆಂದು ಕರೆದು ಅತ್ಯಂತ ನೀಚವೆಂದು ಹಳಿದ. ಹಳಿದು, ಎಂಟು ವಿವಾಹಗಳಲ್ಲಿ ಎಂಟನೆಯದೆಂದು ಎಣಿಸಿಯೂ ಬಿಟ್ಟ. ‘ಅವಳನ್ನೇ ಮದುವೆಯಾಗಿಬಿಡಲಿ’ ಎಂದು ಊರ ಹಿರಿಯರು ರಾಜಿ ಹೇಳುವ ಪದ್ಧತಿ ಇನ್ನೂ ಸತ್ತಿಲ್ಲ. ಇಂಥ ಪ್ರಕರಣಗಳಲ್ಲಿ ರಾಜಿಗೂ ಮದುವೆಯ ಏರ್ಪಾಟಿಗೂ ಎಡೆಯೇ ಇಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಬೇಕಾಯಿತು.

ಇಂಗ್ಲಿಷರು ಬಂದ ಮೇಲೆ ಇದೆಲ್ಲ ಸರಿಹೋಯಿತೆಂದು ಭಾವಿಸುವವರುಂಟು. ಅವರು 1872ರ ಸಾಕ್ಷ್ಯ ಅಧಿನಿಯಮದ 155ನೆಯ ಕಲಮನ್ನು ಓದಬೇಕು. ಅತ್ಯಾಚಾರದ ಆಪಾದನೆ ಬಂದಾಗ, ದೂರು ಕೊಟ್ಟವಳು ಸಾಮಾನ್ಯವಾಗಿ ನಡತೆಗೆಟ್ಟವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಬಹುದೆಂದು ಅದರ ನಾಲ್ಕನೆಯ ಉಪವಿಧಿ ಹೇಳುತ್ತಿತ್ತು. ಎಂದರೆ, ಕೌಟಿಲ್ಯ ರೂಪಾಜೀವೆಗೂ ಕೊಟ್ಟಿದ್ದ ರಕ್ಷಣೆಯನ್ನು ವಿಕ್ಟೋರಿಯಾ ರಾಣಿಯ ಕಾಲದ ಕಾಯಿದೆ ವಕೀಲರ ಪಾಟೀಸವಾಲಿಗೆ ಒಪ್ಪಿಸಿತು. ಸ್ವಾತಂತ್ರ್ಯ ಬಂದ ಮೇಲೂ ಇದು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಾಗೆಯೇ ಇತ್ತು. ತೆಗೆದುಹಾಕಿದ್ದು 2003ರಲ್ಲಿ, ಒಟ್ಟು ಆಯುಷ್ಯ 131 ವರ್ಷ.

ಈ ಕಲಮು ಕಾಗದದ ಮೇಲೆ ಮಾತ್ರ ಇರಲಿಲ್ಲ. ಅದರ ಹಿಂದಿನ ಮನೋಭಾವ ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಹಾರಾಷ್ಟ್ರದ ಆಗಿನ ಚಂದ್ರಪುರ ಜಿಲ್ಲೆಯಲ್ಲಿ ದೇಸಾಯಿಗಂಜ್ ಎಂಬ ಊರು; ಈಗ ಅದು ಗಡಚಿರೋಲಿ ಜಿಲ್ಲೆಗೆ ಸೇರಿದೆ. ಅಲ್ಲಿ ತಂದೆತಾಯಿಯಿಲ್ಲದ ಒಬ್ಬ ಆದಿವಾಸಿ ಹುಡುಗಿ ಅಣ್ಣನೊಡನಿದ್ದು ಕೂಲಿ ಮಾಡುತ್ತಿದ್ದಳು. ವಯಸ್ಸು 14ರಿಂದ 16 ಎಂದು ವೈದ್ಯರ ಅಂದಾಜು. ಅವಳ ಹೆಸರು ಕಾಯಿದೆಯ ಪುಸ್ತಕಗಳಲ್ಲೆಲ್ಲ ಇದೆ, ಇಲ್ಲಿ ಬರೆಯುವುದಿಲ್ಲ. ಅವಳು ಕೆಲಸಕ್ಕೆ ಹೋಗುತ್ತಿದ್ದ ಮನೆಯವರ ಬಂಧುವಾದ ಒಬ್ಬ ಯುವಕನಿಗೂ ಅವಳಿಗೂ ಸ್ನೇಹ ಬೆಳೆದು ಮದುವೆಯ ಮಾತು ಬಂದಿತ್ತು. ಅಣ್ಣನಿಗೆ ಅದು ಹಿಡಿಸಲಿಲ್ಲ. ತಂಗಿಯನ್ನು ಅಪಹರಿಸಿದ್ದಾರೆಂದು ಠಾಣೆಯಲ್ಲಿ ದೂರು ಕೊಟ್ಟ. 1972ನೆಯ ಮಾರ್ಚ್ 26ರ ರಾತ್ರಿ ಎಲ್ಲರನ್ನೂ ಠಾಣೆಗೆ ಕರೆಸಿ ಹೇಳಿಕೆ ಬರೆದುಕೊಂಡರು. ಹತ್ತೂವರೆಯ ಹೊತ್ತಿಗೆ ಎಲ್ಲರೂ ಹೊರಟಾಗ ಅಲ್ಲಿದ್ದ ಪೊಲೀಸಿನವರು ಹುಡುಗಿಯನ್ನು ಒಳಗೆ ಉಳಿಸಿಕೊಂಡು ಮಿಕ್ಕವರನ್ನು ಹೊರಗೆ ಕಳಿಸಿದರು. ದೀಪ ಆರಿತು, ಬಾಗಿಲು ಮುಚ್ಚಿತು. ಹೊರಗೆ ಅಣ್ಣನೂ ಮನೆಯವರೂ ಕಾಯುತ್ತಲೇ ಇದ್ದರು. ಅವಳು ಹೊರಗೆ ಬಂದು, ಕಾನ್‌ಸ್ಟೇಬಲನು ತನ್ನ ಮೇಲೆ ಬಲಾತ್ಕಾರ ಮಾಡಿದನೆಂದು ಹೇಳಿದಳು; ಆಮೇಲೆ ಹೆಡ್ ಕಾನ್‌ಸ್ಟೇಬಲನೂ ಮೈಮೇಲೆ ಕೈಮಾಡಿದ್ದನು.

1974ರ ಜೂನ್ 1ರಂದು ಸೆಷನ್ಸ್ ಕೋರ್ಟು ಇಬ್ಬರನ್ನೂ ಬಿಟ್ಟಿತು. ಹುಡುಗಿ ಸುಳ್ಳುಗಾತಿ, ಮೊದಲೇ ಗಂಡಸಿನ ಸಂಪರ್ಕ ಇದ್ದವಳು. ಕೂಡಿದ್ದಿರಬಹುದು, ಅದು ಬಲಾತ್ಕಾರವಲ್ಲ ಎಂದಿತು. ನಾಗಪುರದಲ್ಲಿ ಕುಳಿತ ಮುಂಬಯಿ ಹೈಕೋರ್ಟು 1976ರಲ್ಲಿ ಈ ತೀರ್ಪನ್ನು ತಿರುಗಿಸಿತು. ಭಯದಿಂದ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ವಿವೇಚಿಸಿ, ಕಾನ್‌ಸ್ಟೇಬಲನಿಗೆ 5 ವರ್ಷ, ಹೆಡ್ ಕಾನ್‌ಸ್ಟೇಬಲನಿಗೆ 1 ವರ್ಷ ಶಿಕ್ಷೆ ಕೊಟ್ಟಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1978ರ ಸೆಪ್ಟೆಂಬರ್ 15ರಂದು ಅಲ್ಲಿ ಇಬ್ಬರೂ ಮತ್ತೆ ಬಿಡುಗಡೆಯಾದರು. ಮೈಮೇಲೆ ಗಾಯವಿಲ್ಲ, ಅವಳು ಕೂಗಿಕೊಳ್ಳಲಿಲ್ಲ. ಆದ್ದರಿಂದ ಪ್ರತಿಭಟಿಸಿದೆನೆಂಬ ಮಾತು ಕಟ್ಟುಕತೆ ಎಂಬುದು ಆ ತೀರ್ಪಿನ ತಿರುಳು.

ತಾವೇ ಯೋಚಿಸಿ. ರಾತ್ರಿಯ ಹೊತ್ತು, ಠಾಣೆಯ ಒಳಗೆ, ಬಾಗಿಲು ಹಾಕಿದೆ, ಎದುರಿಗೆ ಇಬ್ಬರು ಪೊಲೀಸಿನವರು. ಹದಿನಾಲ್ಕು ಹದಿನೈದರ ಕೂಲಿ ಹುಡುಗಿ ಯಾರನ್ನು ಕೂಗಬೇಕು? ಕಷ್ಟ ಬಂದಾಗ ಪೊಲೀಸರನ್ನು ಕೂಗು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಹೆಂಗಸರನ್ನು ವಿಚಾರಣೆಗೆ ಠಾಣೆಗೆ ಕರೆಸಕೂಡದೆಂಬ ನಿಯಮ ಆಗಲೇ ಇತ್ತು. ಅದೇ 1978ರ ಏಪ್ರಿಲಿನಲ್ಲಿ, ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರ ಪ್ರಕರಣದಲ್ಲಿ, ಅದೇ ಸುಪ್ರೀಂ ಕೋರ್ಟು ಆ ನಿಯಮ ಮುರಿದದ್ದನ್ನು ಕಟುವಾಗಿ ಟೀಕಿಸಿತ್ತು. ಸೆಪ್ಟೆಂಬರಿನ ತೀರ್ಪಿನಲ್ಲಿ ಆ ಪ್ರಶ್ನೆ ಏಳಲೇ ಇಲ್ಲ.

ಒಂದು ವರ್ಷ ಯಾರೂ ಗಮನಿಸಲಿಲ್ಲ. 1979ರ ಸೆಪ್ಟೆಂಬರ್ 16ರಂದು ನಾಲ್ವರು ಕಾಯಿದೆ ಪಂಡಿತರು, ಉಪೇಂದ್ರ ಬಕ್ಷಿ, ಲೋಟಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್, ದೇಶದ ಮುಖ್ಯ ನ್ಯಾಯಾಧೀಶರಿಗೆ ಒಂದು ಬಹಿರಂಗ ಪತ್ರ ಬರೆದರು. ಅವಳ ಹಿಂದಿನ ನಡತೆಗೂ ಆ ರಾತ್ರಿಯ ಒಪ್ಪಿಗೆಗೂ ಏನು ಸಂಬಂಧ, ಶರಣಾಗತಿಯನ್ನು ಸಮ್ಮತಿಯೆಂದು ಓದುವುದು ಎಂಥ ನ್ಯಾಯ ಎಂದು ವಿನಯದಿಂದ, ಆದರೆ ಅಳುಕಿಲ್ಲದೆ ಕೇಳಿದರು. 1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಹೆಂಗಸರು ಬೀದಿಗೆ ಇಳಿದರು. ಹುಡುಗಿಯ ಮೊಕದ್ದಮೆ ಮತ್ತೆ ತೆರೆಯಲಿಲ್ಲ. ಕಾಯಿದೆ ಬದಲಾಯಿತು: ಪೊಲೀಸರಂಥ ಅಧಿಕಾರಸ್ಥರ ವಶದಲ್ಲಿ ಕೃತ್ಯ ನಡೆದದ್ದು ಸಿದ್ಧವಾಗಿ, ತಾನು ಒಪ್ಪಲಿಲ್ಲವೆಂದು ಹೆಂಗಸು ಹೇಳಿದರೆ, ಒಪ್ಪಲಿಲ್ಲವೆಂದೇ ಕೋರ್ಟು ಊಹಿಸತಕ್ಕದ್ದೆಂದು 1983ರಲ್ಲಿ ವಿಧಿಯಾಯಿತು. ಇಂಥವರ ಹೆಸರನ್ನು ಅಚ್ಚುಮಾಡಕೂಡದೆಂಬ ನಿಷೇಧವೂ ಆಗಲೇ ಬಂದದ್ದು. ‘ಕೂಗಲಿಲ್ಲ, ಗಾಯವಿಲ್ಲ’ ಎಂಬ ವಾದಕ್ಕೆ ನೇರವಾದ ಉತ್ತರ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. 2012ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಘೋರ ಕೃತ್ಯದ ತರುವಾಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. 2013ರ ತಿದ್ದುಪಡಿಯಲ್ಲಿ, ಮೈಯಿಂದ ಎದುರಿಸಲಿಲ್ಲವೆಂದ ಮಾತ್ರಕ್ಕೆ ಒಪ್ಪಿದಳೆಂದು ತಿಳಿಯಬಾರದೆಂದು ಸ್ಪಷ್ಟವಾಗಿ ಬರೆದರು.

ಇಷ್ಟು ಹೇಳಿದ ಮೇಲೆ ನನ್ನ ನಿರ್ವಚನವನ್ನು ಮುಂದಿಡುತ್ತೇನೆ. ಮಾಡಿದವನ ಕೃತ್ಯವನ್ನು ವಿಚಾರಿಸುವುದಕ್ಕೆ ಮೊದಲು ಗುರಿಯಾದವಳ ಯೋಗ್ಯತೆಯನ್ನು ತೂಗುವ ರೂಢಿ. ಆ ರೂಢಿಯನ್ನು ಮನೆ, ಪಂಚಾಯಿತಿ, ಠಾಣೆ, ಆಸ್ಪತ್ರೆ, ನ್ಯಾಯಸ್ಥಾನಗಳು ಒಂದರಿಂದೊಂದು ಕಲಿತು ನಡೆಸಿಕೊಂಡು ಬರುವುದು. ಇದಕ್ಕೆ ಮಾತ್ರ ಆ ಹೆಸರು ಸಲ್ಲಬೇಕು. ಒಬ್ಬ ದುಷ್ಟನ ಕೆಲಸಕ್ಕೆ ಈ ಹೆಸರು ಬೇಡ. ಅದಕ್ಕೆ ಅಪರಾಧವೆಂಬ ಹೆಸರು ಸಾಕು. ಒಂದು ಪೋಲಿ ಹಾಡಿಗೂ ಬೇಡ. ಗಂಡಸರೆಲ್ಲ ಹೀಗೆಯೇ ಎಂಬ ಅರ್ಥವಂತೂ ಇದರಲ್ಲಿ ಇರಕೂಡದು. ಅಮೆರಿಕದ ಆ ಸಂಸ್ಥೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ: ಕೃತ್ಯ ಮಾಡುವವನು ಮನುಷ್ಯ, ರೂಢಿಯಲ್ಲ. ಆದರೆ ಮರುದಿನ ಬೆಳಗ್ಗೆ ಅವಳು ಬಾಯಿ ಬಿಡಬಹುದೇ ಬಾರದೇ, ಬಿಟ್ಟರೆ ಯಾರನ್ನು ಮೊದಲು ಪ್ರಶ್ನಿಸುತ್ತಾರೆ, ಇದನ್ನು ನಿಶ್ಚಯಿಸುವುದು ರೂಢಿಯೇ. ಬಾಯಿ ಬಿಡಲಾರಳೆಂದು ಗೊತ್ತಿದ್ದರೆ ದುಷ್ಟನಿಗೆ ಎಷ್ಟು ಧೈರ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಮನುಷ್ಯಸ್ವಭಾವ, ಎಲ್ಲ ಕಡೆಯೂ ಹೀಗೆಯೇ ಎನ್ನುವವರಿಗೆ ಒಂದು ಮಾತು. ಪೆಗಿ ರೀವ್ಸ್ ಸಾಂಡೇ ಎಂಬ ಮಾನವಶಾಸ್ತ್ರಜ್ಞೆ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕಷ್ಟು ಮಾಹಿತಿ ದೊರೆತ 95 ಬುಡಕಟ್ಟು ಸಮಾಜಗಳ ಪೈಕಿ ನೂರಕ್ಕೆ 47ರಲ್ಲಿ ಈ ಅಪರಾಧ ಇಲ್ಲವೇ ಇಲ್ಲ ಅಥವಾ ಬಹು ವಿರಳ. ನೂರಕ್ಕೆ 18ರಲ್ಲಿ ಮಾತ್ರ ಅದು ಪ್ರಬಲ. ಲೆಕ್ಕದ ಬಗ್ಗೆ ವಿದ್ವಾಂಸರಲ್ಲಿ ವಾದಗಳಿರಬಹುದು. ಊರಿಂದೂರಿಗೆ ವ್ಯತ್ಯಾಸವಿದೆ ಎಂಬುದಂತೂ ತೋರುತ್ತದೆ. ವ್ಯತ್ಯಾಸವಿದ್ದಲ್ಲಿ ಅದು ರಕ್ತದಲ್ಲಿ ಬಂದದ್ದಲ್ಲ.

ರೂಢಿಯ ಒಂದು ಲಕ್ಷಣವೆಂದರೆ ಅದು ಸಜ್ಜನರ ಬಾಯಲ್ಲಿಯೂ ಮಾತಾಡುತ್ತದೆ. 1983ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೆಣ್ಣಿನ ಪಕ್ಷ ವಹಿಸಿಯೇ ಮಾತಾಡಿತು: ಭಾರತದ ಹೆಣ್ಣು ಲೋಕಾಪವಾದಕ್ಕೆ ಅಂಜುವವಳು, ಸುಳ್ಳೇ ಇಂಥ ದೂರು ಕೊಡಲಾರಳು ಎಂದಿತು. ಕನಿಕರದ ಮಾತು, ನಿಜ. ಆದರೆ ತಕ್ಕಡಿ ಅದೇ. ಈ ಸಲ ತೂಕ ಅವಳ ಕಡೆಗೆ ವಾಲಿತು, ಅಷ್ಟೇ. ಅಂಜದ ಹೆಣ್ಣು ಬಂದರೆ ಏನು ಗತಿ? 2020ರ ಜೂನಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ ಅದು ಕಂಡುಬಂತು. ಘಟನೆಯ ನಂತರ ದಣಿದು ನಿದ್ದೆ ಹೋದೆನೆಂದು ದೂರುದಾರಳು ಹೇಳಿದ್ದಕ್ಕೆ, ಇದು ಭಾರತೀಯ ಹೆಣ್ಣಿಗೆ ತಕ್ಕುದಲ್ಲವೆಂಬ ಮಾತು ಬಂತು. ಟೀಕೆ ಎದ್ದಿತು, ಮುಂದಿನ ತಿಂಗಳೇ ಆ ವಾಕ್ಯವನ್ನು ಆದೇಶದಿಂದ ತೆಗೆಯಲಾಯಿತು. 1872ರ ಕಲಮು ಹೋಗಲು 131 ವರ್ಷ ಹಿಡಿಯಿತು. ಈ ವಾಕ್ಯ ಹೋಗಲು ಕೆಲವೇ ದಿನ. ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯನ್ನು 2013ರಲ್ಲಿ ಸುಪ್ರೀಂ ಕೋರ್ಟು ಖಂಡಿಸಿತು, ಆದರೂ ನಿಲ್ಲದ್ದರಿಂದ, ಅದನ್ನು ನಡೆಸುವವರು ದುರ್ನಡತೆಯ ದೋಷಿಗಳೆಂದು 2022ರಲ್ಲಿ ಮತ್ತೆ ಹೇಳಿತು.

2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗಾಗಿ ಒಂದು ಕೈಪಿಡಿಯನ್ನು ಹೊರಡಿಸಿತು. ಅದರಲ್ಲಿ ಬಳಸಬಾರದ ಶಬ್ದಗಳ ಪಟ್ಟಿ ಇದೆ. ‘ಶೀಲವತಿ’, ‘ಸಡಿಲ ನಡತೆಯವಳು’ ಎಂಬಂಥ ಹಲವು ಶಬ್ದಗಳ ಎದುರಿಗೆ, ಇದರ ಬದಲು ‘ಹೆಂಗಸು’ ಎಂದು ಮಾತ್ರ ಬರೆಯಿರಿ ಎಂದಿದೆ. ಹೊರಡಿಸಿದವರು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್; 1979ರ ಬಹಿರಂಗ ಪತ್ರ ಬಂದಾಗ ಆ ಪೀಠದಲ್ಲಿದ್ದವರು ಅವರ ತಂದೆ ವೈ. ವಿ. ಚಂದ್ರಚೂಡ್.

ಒಂದು ಮೂಲೆ ಮಾತ್ರ ಉಳಿದುಕೊಂಡಿದೆ. ಗಂಡ ಹೆಂಡತಿಯ ಮೇಲೆ ಈ ಅಪರಾಧ ಮಾಡಲಾರನು, ಮದುವೆಯಲ್ಲಿಯೇ ಆಕೆ ಒಪ್ಪಿಬಿಟ್ಟಳು ಎಂದು ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟಿದ್ದನು. ಅವನು ಸತ್ತದ್ದು 1676ರಲ್ಲಿ, ಪುಸ್ತಕ ಅಚ್ಚಾದದ್ದು 1736ರಲ್ಲಿ. ಆ ಮಾತು 1860ರ ನಮ್ಮ ದಂಡಸಂಹಿತೆಗೆ ಬಂದಿತು. ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡನಿಗೆ ತಡೆಯಿಲ್ಲ. 1890ರಲ್ಲಿ ಕಲಕತ್ತೆಯಲ್ಲಿ ಫುಲ್ಮೋನಿ ಎಂಬ ಹತ್ತು ಹನ್ನೊಂದರ ಬಾಲೆ ಗಂಡನಿಂದಲೇ ಗಾಯಗೊಂಡು ಸತ್ತಳು. ವಯಸ್ಸು ಹತ್ತು ಮೀರಿದ್ದರಿಂದ ಅದು ಅತ್ಯಾಚಾರವಾಗಲಿಲ್ಲ. ಅವನಿಗೆ ಒಂದು ವರ್ಷ ಸಜೆಯಾಯಿತು. 1891ರಲ್ಲಿ ಮೇರೆಯನ್ನು 12ಕ್ಕೆ ಏರಿಸಿದಾಗ ಲೋಕಮಾನ್ಯ ತಿಲಕರಂಥವರೂ ವಿರೋಧಿಸಿದರು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಬೇರೆ ದಾರಿ ಹಿಡಿದು, ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರೊಳಗಿನವರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಇಂಗ್ಲೆಂಡು 1991ರಲ್ಲಿ ಹೇಲನ ಮಾತನ್ನು ಕೈಬಿಟ್ಟಿತು. ನಮ್ಮಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ವಯೋಮಿತಿಯನ್ನು 18ಕ್ಕೆ ತಂದಿತು. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು, ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ಹೊರಿಸಿದ್ದ ಈ ಆರೋಪವನ್ನು ರದ್ದು ಮಾಡಲೊಪ್ಪಲಿಲ್ಲ. ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿಗೂ ಆ ವಿನಾಯಿತಿ ಹಾಗೆಯೇ ದಾಟಿಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಅದನ್ನು ಉಳಿಸಿಕೊಳ್ಳಬೇಕೆಂದೇ ವಾದಿಸಿತು.